ಹಳದಿ ಗೋಡೆಯ ಹಿಂದಿನ ಹೆಂಗಸು: ತೆರೆಗೆ ತರುವವರ ಪ್ರಶ್ನೆಗಳಿಗೆ ಉತ್ತರ

ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಬರೆದ 'ದಿ ಯೆಲ್ಲೋ ವಾಲ್‌ಪೇಪರ್' ಕಥೆಯನ್ನು ಚಿತ್ರ ಮಾಡಲು ಹೊರಟವರಿಂದ ಈ ಸಲ ಒಟ್ಟಿಗೇ ಹಲವು ಪತ್ರಗಳು ಬಂದಿವೆ. ಕಥೆ ಓದದವರಿಗಾಗಿ ನಾಲ್ಕು ಮಾತು. 1892ರ ಜನವರಿಯಲ್ಲಿ ಅಮೆರಿಕದ 'ನ್ಯೂ ಇಂಗ್ಲೆಂಡ್ ಮ್ಯಾಗಜೀನ್'ನಲ್ಲಿ ಅಚ್ಚಾದ ಸಣ್ಣಕಥೆ ಇದು. ಹೆತ್ತು ಹೆಚ್ಚು ಕಾಲವಾಗದ ಹೆಂಗಸೊಬ್ಬಳನ್ನು ವೈದ್ಯನಾದ ಗಂಡ ಜಾನ್ ಬೇಸಿಗೆಯ ಮೂರು ತಿಂಗಳಿಗೆ ಒಂದು ಹಳೇ ಬಂಗಲೆಗೆ ಕರೆತರುತ್ತಾನೆ. ಮಹಡಿಯ ಕೋಣೆಯಲ್ಲಿ ವಿಶ್ರಾಂತಿ. ಕೆಲಸ ಮಾಡುವಂತಿಲ್ಲ, ಬರೆಯುವಂತಿಲ್ಲ, ಬೇಕಾದವರನ್ನು ಕಾಣುವಂತಿಲ್ಲ. ಅವಳು ಕದ್ದು ದಿನಚರಿ ಬರೆಯುತ್ತಾಳೆ. ಕೋಣೆಯ ಹರಿದ ಹಳದಿ ವಾಲ್‌ಪೇಪರಿನ ಹಿಂದೆ ಒಬ್ಬ ಹೆಂಗಸು ಸಿಕ್ಕಿಕೊಂಡಿದ್ದಾಳೆ ಎಂದು ಅವಳಿಗೆ ಕಾಣತೊಡಗುತ್ತದೆ. ಕೊನೆಯ ದಿನ ಕಾಗದ ಕಿತ್ತುಹಾಕಿ, ತಾನೇ ಆ ಹೆಂಗಸಾಗಿ, ಗೋಡೆಯ ಬುಡದಲ್ಲಿ ಸುತ್ತಲೂ ತೆವಳುತ್ತಾಳೆ. ಗಂಡ ಬಾಗಿಲು ತೆಗೆದು ನೋಡಿ ಮೂರ್ಛೆ ಹೋಗುತ್ತಾನೆ.

ಪ್ರಶ್ನೆ: ಇದನ್ನು ಪೂರ್ಣ ಪ್ರಮಾಣದ ಸಿನಿಮಾ ಮಾಡಬಹುದೇ, ಅಥವಾ ಕಿರುಚಿತ್ರವೇ ಸರಿಯೇ? ಚಿತ್ರಕಥೆಯನ್ನು ಎಲ್ಲಿಂದ ಹಿಡಿಯಬೇಕು?
(ಕಿರುಚಿತ್ರ ತಂಡ, ಶಿವಮೊಗ್ಗ)

ಉತ್ತರ: ಮೂಲ ಕಥೆ ಸುಮಾರು ಆರು ಸಾವಿರ ಪದ. ಗಟ್ಟಿಯಾಗಿ ಓದಿದರೆ ನಲವತ್ತು ನಿಮಿಷದ ಆಸುಪಾಸು. 30ರಿಂದ 40 ನಿಮಿಷದ ಚಿತ್ರಕ್ಕೆ ಇದು ಸರಿಯಾದ ಅಳತೆ. ಅದನ್ನು ಎರಡು ಗಂಟೆಗೆ ಎಳೆಯಲು ಹೋದರೆ ಒಂದು ಗಂಟೆಗಿಂತ ಹೆಚ್ಚು ಹೊಸದಾಗಿ ಕಟ್ಟಬೇಕು. ಹಾಗೆ ಕಟ್ಟುವಾಗ ಕೈ ಹೋಗುವುದು ಸಾಮಾನ್ಯವಾಗಿ ದೆವ್ವದ ಕಡೆಗೆ, ಸತ್ತ ಮಗುವಿನ ಕಡೆಗೆ, ಆ ಬಂಗಲೆಯಲ್ಲಿ ಹಿಂದೆ ನಡೆದ ಕೊಲೆಯ ಕಡೆಗೆ. ದೆವ್ವ ನಿಜವಾದರೆ ಗಂಡನ ಮೇಲೆ ಯಾವ ಹೊಣೆಯೂ ಉಳಿಯುವುದಿಲ್ಲ. ಅವಳಿಗೆ ಆದದ್ದನ್ನೆಲ್ಲ ಮಾಡಿದ್ದು ದೆವ್ವ ಎಂದಾಗುತ್ತದೆ. ಈ ಕಥೆಯಲ್ಲಿ ಹೆದರಿಸುವುದು ಪ್ರೀತಿಯಿಂದ, ನಗುನಗುತ್ತಾ, ಔಷಧಿಯ ಹೆಸರಿನಲ್ಲಿ ಬಾಯಿ ಕಟ್ಟುವುದು. ಅದನ್ನು ಕಳೆದುಕೊಂಡರೆ ಉಳಿಯುವುದು ಒಂದು ಹಾಳು ಬಂಗಲೆ ಅಷ್ಟೇ.

ಚಿತ್ರಕಥೆಗೆ ಮೊದಲು ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ ಅವಳು ಹೇಳುವುದು, ಬಲಗಡೆ ಕೋಣೆಯಲ್ಲಿ ಇರುವುದು. ಕಿಟಕಿಗೆ ಸರಳುಗಳಿವೆ, ಇದು ಮಕ್ಕಳ ಕೋಣೆಯಾಗಿತ್ತು, ಬೀಳದಿರಲಿ ಅಂತ ಹಾಕಿರಬೇಕು ಎನ್ನುತ್ತಾಳೆ. ಗೋಡೆಯಲ್ಲಿ ಬಳೆಗಳಿವೆ. ವ್ಯಾಯಾಮದ ಸಾಮಾನು ಎನ್ನುತ್ತಾಳೆ. ಮಂಚವನ್ನು ನೆಲಕ್ಕೆ ಮೊಳೆ ಹೊಡೆದು ಕೂರಿಸಿದ್ದಾರೆ. ಮೆಟ್ಟಿಲ ತುದಿಗೆ ಗೇಟಿದೆ. ತಲೆದಿಂಬಿನ ಸುತ್ತ, ಅವಳ ಕೈ ಎಟುಕುವಷ್ಟು ದೂರಕ್ಕೆ, ಕಾಗದ ಮೊದಲೇ ಹರಿದಿದೆ. ಕಥೆಯ ಮೊದಲರ್ಧದಲ್ಲಿ ಬಲಗಡೆಯ ಪಟ್ಟಿ ಎಡಗಡೆಯದಕ್ಕಿಂತ ಹೆಚ್ಚು ಬಲ್ಲದು. ಅವಳಿಗಿಂತ ಮೊದಲೇ ನಮಗೆ ಎದೆ ಧಸಕ್ಕೆನ್ನುತ್ತದೆ. ಬೆಳದಿಂಗಳ ರಾತ್ರಿಗಳಿಂದ ಮುಂದೆ ಇದು ತಿರುಗುತ್ತದೆ: ಅವಳಿಗೆ ಏನೋ ಗೊತ್ತು, ನಮಗೆ ಹೇಳುತ್ತಿಲ್ಲ. ಈ ಅಡ್ಡಹಾಯುವಿಕೆ ನಿಮ್ಮ ಚಿತ್ರಕಥೆಯ ಎಷ್ಟನೇ ಪುಟದಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಬರಬೇಕು. ಬರದಿದ್ದರೆ ನೀವು ಬರೆದಿರುವುದು ಹುಚ್ಚು ಹಿಡಿದ ಹೆಂಗಸೊಬ್ಬಳ ಕಥೆ. ಗಿಲ್ಮನ್ ಬರೆದದ್ದು ಅದಲ್ಲ.

ಇನ್ನೊಂದು ನಿಯಮ, ಇದರಲ್ಲಿ ರಾಜಿ ಬೇಡ: ಅವಳಿಲ್ಲದ ಒಂದು ದೃಶ್ಯವೂ ಇರಕೂಡದು. ಜಾನ್ ತನ್ನ ತಂಗಿ ಜೆನ್ನಿಯ ಹತ್ತಿರ ಅವಳ ಬಗ್ಗೆ ವಿಚಾರಿಸುತ್ತಾನೆ. ಕಥೆಯಲ್ಲಿ ಅದು ನಮಗೆ ತಿಳಿಯುವುದು ಅವಳ ಕಿವಿಗೆ ಬಿದ್ದದ್ದರಿಂದ. ಅವರಿಬ್ಬರನ್ನೇ ಕೆಳಗಿನ ಹಜಾರದಲ್ಲಿ ಕೂರಿಸಿ ಮಾತಾಡಿಸಿದಿರೋ, ಕ್ಯಾಮೆರಾ ಡಾಕ್ಟರ ಪಕ್ಷಕ್ಕೆ ಹೋಯಿತು. ಮೇಲೆ ನಿಂತ ಅವಳಿಗೆ ನೆಲದ ಹಲಗೆಯ ಸಂದಿನಿಂದ ಕೇಳಿದಷ್ಟು ಮಾತು ಸಾಕು.

ಪ್ರಶ್ನೆ: ಅಂಗಡಿಯಲ್ಲಿ ಸಿಗುವ ವಾಲ್‌ಪೇಪರ್ ತಂದು ಅಂಟಿಸಿದೆವು. ಹರಿಯುವ ದೃಶ್ಯದಲ್ಲಿ ಇಡೀ ಪಟ್ಟಿಯೇ ಬಟ್ಟೆಯ ಹಾಗೆ ಕಳಚಿ ಬಂತು. ಅಲ್ಲದೆ ಕ್ಯಾಮೆರಾದಲ್ಲಿ ಗೋಡೆ ಚೆನ್ನಾಗಿಯೇ ಕಾಣುತ್ತಿದೆ, ಅಸಹ್ಯವಾಗಿ ಕಾಣುತ್ತಿಲ್ಲ. ಏನು ಮಾಡುವುದು?
(ಕಲಾ ವಿಭಾಗದ ಸಹಾಯಕಿ, ಬೆಂಗಳೂರು)

ಉತ್ತರ: ಈಗ ಅಂಗಡಿಯಲ್ಲಿ ಸಿಗುವುದರಲ್ಲಿ ಹೆಚ್ಚಿನವು ವಿನೈಲ್ (ಪ್ಲಾಸ್ಟಿಕ್ ಲೇಪದ್ದು) ಅಥವಾ ನಾನ್‌ವೋವನ್ (ನಾರು ಒತ್ತಿ ಮಾಡಿದ ಹಾಳೆ). ಬಾಡಿಗೆ ಮನೆಯವರು ಸುಲಭವಾಗಿ ತೆಗೆಯಲಿ ಎಂದೇ ಅವನ್ನು ಇಡೀ ಪಟ್ಟಿ ಕಳಚುವಂತೆ ಮಾಡಿರುತ್ತಾರೆ. ನಿಮಗೆ ಬೇಕಾದದ್ದು ಬರಿಯ ಕಾಗದ. ಹೊಳಪಿಲ್ಲದ, ಲೇಪವಿಲ್ಲದ, 100ರಿಂದ 120 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಗುವ) ಕಾಗದದ ಮೇಲೆ ವಿನ್ಯಾಸ ಅಚ್ಚು ಹಾಕಿಸಿ. ಫ್ಲೆಕ್ಸ್ ಬೇಡವೇ ಬೇಡ. ದೀಪ ಬಿದ್ದ ಕೂಡಲೇ ಮಿಂಚುತ್ತದೆ.

ಲೆಕ್ಕ ಹೀಗೆ. 14 ಅಡಿಗೆ 16 ಅಡಿ ಕೋಣೆ, ಎತ್ತರ 10 ಅಡಿ ಎಂದರೆ ಗೋಡೆ 600 ಚದರಡಿ. ಕಿಟಕಿ, ಬಾಗಿಲು ಕಳೆದರೆ 500. ವಿನ್ಯಾಸ ಹೊಂದಿಸುವಾಗ ಹಾಳಾಗುವುದಕ್ಕೆ ನೂರಕ್ಕೆ 15 ಸೇರಿಸಿ, 575. ಒಂದು ರೋಲು 57 ಚದರಡಿ ಬರುವುದಾದರೆ ಹತ್ತು ರೋಲಿಗೆ ತುಸು ಹೆಚ್ಚು ಬೇಕು, ಹನ್ನೊಂದು ತನ್ನಿ. ಇದು ಒಂದು ಸಲಕ್ಕೆ ಮಾತ್ರ. ಹರಿಯುವ ಗೋಡೆಗೆ ನಾಲ್ಕು ಟೇಕಿನ ಕಾಗದ ಬೇರೆಯೇ ಇರಲಿ. ಆ ಗೋಡೆಯನ್ನು ನಿಜವಾದ ಗೋಡೆಗೆ ಅಂಟಿಸದೆ ಪ್ಲೈವುಡ್ ಫ್ಲ್ಯಾಟಿಗೆ (ಎತ್ತಿ ಸರಿಸಬಹುದಾದ ಸೆಟ್ಟಿನ ಗೋಡೆಗೆ) ಅಂಟಿಸಿ. ಒಂದನ್ನು ಎತ್ತಿಟ್ಟು ಇನ್ನೊಂದನ್ನು ನಿಲ್ಲಿಸಲು ಹತ್ತು ನಿಮಿಷ ಸಾಕು.

ಅಂಟಿಗೆ ಮೈದಾ ಸಾಕು. ಒಂದು ಲೀಟರ್ ನೀರಿಗೆ 100 ಗ್ರಾಂ ಮೈದಾ. ಮೊದಲು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಸಣ್ಣ ಉರಿಯಲ್ಲಿ ತಿರುವುತ್ತಾ ಗಂಜಿಯ ಹಾಗೆ ಪಾರದರ್ಶಕವಾಗುವ ತನಕ ಕಾಯಿಸಿ. ಪೋಸ್ಟರ್ ಅಂಟಿಸುವವರು ಹುಳ ಬರದಿರಲೆಂದು ಇದಕ್ಕೆ ಮೈಲುತುತ್ತ ಹಾಕುವುದುಂಟು. ಅದು ವಿಷ. ನಟಿಯ ಉಗುರು, ಬಾಯಿ ಈ ಕಾಗದಕ್ಕೆ ತಾಗುತ್ತವೆ, ಆದ್ದರಿಂದ ಹಾಕಲೇಬೇಡಿ. ಬೇಕಾದಷ್ಟನ್ನು ಅಂದಂದೇ ಕಾಯಿಸಿಕೊಳ್ಳಿ.

ಈಗ ಹರಿಯುವ ವಿಚಾರ. ಕಾಗದಕ್ಕೆ ಎಳೆಯ ದಿಕ್ಕಿದೆ. ರೋಲಿನ ಉದ್ದಕ್ಕೆ ಎಳೆದರೆ ನೆಟ್ಟಗೆ ಉದ್ದುದ್ದ ಸೀಳುತ್ತದೆ, ಅಡ್ಡಕ್ಕೆ ಎಳೆದರೆ ಚಿಂದಿಚಿಂದಿ. ಕಥೆಯಲ್ಲಿ ಎರಡೂ ಬೇಕು, ಜೊತೆಗೆ ಕಾಗದ ಹಟ ಹಿಡಿಯಲೂ ಬೇಕು; ಅದು ಬಿಡದೆ ಅಂಟಿಕೊಂಡಿದೆ, ಆ ಚಿತ್ತಾರಕ್ಕೆ ಇದೇ ಖುಷಿ ಎಂದು ಅವಳು ಬರೆಯುತ್ತಾಳೆ. ಹಾಗಾಗಿ ಫ್ಲ್ಯಾಟಿನ ಮೇಲೆ ಪೆನ್ಸಿಲಿನಲ್ಲಿ ವಲಯ ಗುರುತಿಸಿ. ಕೆಲವು ಕಡೆ ಗಟ್ಟಿ ಅಂಟು ಪೂರ್ತಿ, ಕೆಲವು ಕಡೆ ಅಷ್ಟೇ ನೀರು ಬೆರೆಸಿದ ತೆಳು ಅಂಟು, ಒಂದೆರಡು ಕಡೆ ಅಂಟೇ ಇಲ್ಲ. ಶುರುವಾಗುವ ಜಾಗದಲ್ಲಿ ಬ್ಲೇಡಿನಿಂದ ಎರಡು ಸೆಂಟಿಮೀಟರ್ ಗೀರಿಡಿ. ರಾತ್ರಿ ಅಂಟಿಸಿ ಬೆಳಗಿನ ತನಕ ಬಿಡಿ. ಅವಸರಕ್ಕೆ ಫ್ಯಾನ್ ಹಾಕಿದರೆ ಅಂಚುಗಳು ಎದ್ದು ನಿಲ್ಲುತ್ತವೆ. ಹರಿದ ಎತ್ತರ ಎಲ್ಲ ಟೇಕಿನಲ್ಲೂ ಒಂದೇ ಇರಲಿ: ನೆಲದ ಮೇಲೆ ನಿಂತು ಅವಳ ಕೈ ಎಟುಕುವಷ್ಟು. ಅದಕ್ಕಿಂತ ಮೇಲೆ ಹರಿದಿದ್ದರೆ ಆ ಲೆಕ್ಕ ತಪ್ಪುತ್ತದೆ.

ಚೆನ್ನಾಗಿ ಕಾಣುತ್ತದೆ ಎಂದಿರಿ. ಎರಡು ಕಾರಣ ಇರಬಹುದು. ಒಂದು, ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ವ್ಯವಸ್ಥೆ) ಆಟೋದಲ್ಲಿದೆ. ಕೋಣೆ ತುಂಬ ಹಳದಿ ಕಂಡ ಕೂಡಲೇ ಅದು ತಾನಾಗಿ ನೀಲಿ ಸೇರಿಸಿ ಗೋಡೆಯನ್ನು ಕೆನೆಬಣ್ಣ ಮಾಡಿಬಿಡುತ್ತದೆ. ಒಂದು ಅಂಕಿಗೆ ಕಟ್ಟಿಹಾಕಿ. ಎರಡು, ಹಳದಿ ಒಂದೇ ಸಮ ಇದೆ. ಕಥೆಯ ಹಳದಿ ಬಿಸಿಲಿಗೆ ಮಾಸಿದ್ದು, ಕೆಲವು ಕಡೆ ಕಿತ್ತಳೆಗೆ ತಿರುಗಿದ್ದು, ಕೆಲವು ಕಡೆ ಗಂಧಕದಂತೆ ಪೇಲವ. ಕಿಟಕಿಯ ಎದುರು ಗೋಡೆ ಮಾಸಿರಬೇಕು, ಬೀರು ಸರಿಸಿದ ಜಾಗ ಗಾಢವಾಗಿ ಉಳಿದಿರಬೇಕು. ವಿನ್ಯಾಸವೂ ಕಣ್ಣಿಗೆ ಲೆಕ್ಕ ಸಿಗದ ಹಾಗಿರಬೇಕು. ಎ, ಬಿ, ಸಿ ಎಂದು ಮೂರು ಬೇರೆ ಬೇರೆ ಪಟ್ಟಿ ಬರೆಸಿ ಕ್ರಮ ತಪ್ಪಿಸಿ ಅಂಟಿಸಿದರೆ, ಪುನರಾವರ್ತನೆ ಹುಡುಕುವ ಕಣ್ಣು ಪ್ರತಿ ಸಲ ಎಡವುತ್ತದೆ. ಅವಳು ಮಾಡುವುದೂ ಅದನ್ನೇ ಅಲ್ಲವೇ? ತೀರ ಸಣ್ಣ ಗೆರೆಗಳು ಬೇಡ; ಕ್ಯಾಮೆರಾ ಸೆನ್ಸರಿನಲ್ಲಿ ಇಲ್ಲದ ಅಲೆಅಲೆ ಗೆರೆ (ಮ್ವಾರೆ) ಬರುತ್ತದೆ, ಅದನ್ನು ನೋಡುಗರು ತಾಂತ್ರಿಕ ದೋಷವೆಂದೇ ತಿಳಿಯುತ್ತಾರೆ.

ಕಥೆಯಲ್ಲಿ ಜೆನ್ನಿ, ನಿಮ್ಮ ಬಟ್ಟೆಗೆಲ್ಲ ಹಳದಿ ಕಲೆ ಎಂದು ದೂರುತ್ತಾಳೆ. ಆ ಕಲೆಗೆ ಒಣ ಅರಿಶಿನ ಪುಡಿ ಸಾಕು. ಆದರೆ ಅರಿಶಿನ ಬಿಸಿಲಿಗೆ ಬೇಗ ಮಾಸುತ್ತದೆ, ಸೋಪು ತಾಗಿದರೆ ಕೆಂಪಾಗುತ್ತದೆ. ಕಂಟಿನ್ಯೂಟಿಗೆ (ಎಲ್ಲ ದೃಶ್ಯದಲ್ಲೂ ಕಲೆ ಒಂದೇ ಥರ ಕಾಣಲು) ಪ್ರತಿ ದಿನ ಫೋಟೋ ತೆಗೆದಿಟ್ಟು ಹೊಸದಾಗಿ ಹಚ್ಚಿ.

ಪ್ರಶ್ನೆ: ಗೋಡೆಯ ಹಿಂದಿನ ಹೆಂಗಸನ್ನು ತೋರಿಸಬೇಕೇ ಬೇಡವೇ? ಗ್ರಾಫಿಕ್ಸ್ ಮಾಡಿಸಲು ಹಣವಿಲ್ಲ.
(ಛಾಯಾಗ್ರಹಣ ವಿದ್ಯಾರ್ಥಿ, ಮೈಸೂರು)

ಉತ್ತರ: ಹಣವಿಲ್ಲದಿರುವುದು ಇಲ್ಲಿ ಅನುಕೂಲವೇ. ಶರ್ಲಿ ಜಾಕ್ಸನ್ ಅವರ 1959ರ ಕಾದಂಬರಿಯಿಂದ ರಾಬರ್ಟ್ ವೈಸ್ 1963ರಲ್ಲಿ 'ದಿ ಹಾಂಟಿಂಗ್' ಮಾಡಿದಾಗ ದೆವ್ವವನ್ನು ತೋರಿಸಲಿಲ್ಲ. ಬಾಗಿಲೊಂದು ಉಸಿರಾಡುವಂತೆ ಉಬ್ಬುತ್ತದೆ. ಪದರ ಪದರವಾಗಿ ಅಂಟಿಸಿದ ಮರದ ಬಾಗಿಲನ್ನು ಹಿಂದಿನಿಂದ ತಳ್ಳಿ ಮಾಡಿದ್ದು ಅದು. ಅಂಚಿನಲ್ಲಿ ಗೆರೆ ಸೊಟ್ಟಗಾಗುವ, ಇನ್ನೂ ಪೂರ್ತಿ ಸಿದ್ಧವಾಗದ 30 ಮಿ.ಮೀ. ಲೆನ್ಸನ್ನು ವೈಸ್ ಕೇಳಿ ಪಡೆದರು. ದೋಷ ಗೊತ್ತಿದ್ದೇ ತೆಗೆದುಕೊಂಡೆ ಎಂದು ಸಹಿ ಹಾಕಿಕೊಟ್ಟರು. ಅದೇ ಕಾದಂಬರಿಯ 1999ರ ಚಿತ್ರ ಕಂಪ್ಯೂಟರ್ ಗ್ರಾಫಿಕ್ಸಿನಲ್ಲಿ ಎಲ್ಲವನ್ನೂ ತೋರಿಸಿತು. ಎರಡನ್ನೂ ಒಂದೇ ದಿನ ನೋಡಿ. ತರಗತಿಯಲ್ಲಿ ವರ್ಷವಿಡೀ ಕಲಿಯುವುದಕ್ಕಿಂತ ಹೆಚ್ಚು ಸಿಗುತ್ತದೆ.

ಗಿಲ್ಮನ್ ಕಥೆಯಲ್ಲಿ ಹಿಂದಿನ ಚಿತ್ತಾರ ಕೆಲವು ಬೆಳಕಿನಲ್ಲಿ ಮಾತ್ರ, ಅದೂ ಅಸ್ಪಷ್ಟವಾಗಿ ಕಾಣುತ್ತದೆ. ಇದನ್ನು ಗೋಡೆಯ ಮೇಲೆಯೇ ಮಾಡಲು ಎರಡು ದಾರಿ ಇದೆ. ಮೊದಲನೆಯದು ವಾರ್ನಿಶ್. ಲಗ್ನಪತ್ರಿಕೆಯ ಮೇಲೆ ಹೆಸರು ಮಾತ್ರ ಮಿಂಚುವಂತೆ ಸ್ಕ್ರೀನ್ ಪ್ರಿಂಟಿಂಗ್‌ನವರು ಹೊಡೆಯುತ್ತಾರಲ್ಲ, ಆ ಪಾರದರ್ಶಕ ವಾರ್ನಿಶಿನಲ್ಲಿ ಹೆಂಗಸಿನ ಆಕಾರ ಹೊಡೆಸಿ. ನೇರ ಬೆಳಕಿನಲ್ಲಿ ಏನೂ ಇಲ್ಲ. ದೀಪವನ್ನು ಗೋಡೆಗೆ ಒರಗಿಸಿದಂತೆ ಓರೆಯಲ್ಲಿ ಇಟ್ಟು, ಕ್ಯಾಮೆರಾವನ್ನು ಎದುರು ಬದಿಗೆ ಸರಿಸಿದರೆ ಆಕಾರ ಮಿಂಚಿ ಮಾಯವಾಗುತ್ತದೆ. ನಾಲ್ಕಡಿಗೆ ಆರಡಿ ಜಾಗಕ್ಕೆ ಮಾಡಿಸಿದರೆ ಸಾಕು, ತುಂಡು ತುಂಡಾಗಿ ಹೊಡೆಯಬಹುದು.

ಎರಡನೆಯದು ಬಣ್ಣದ ಗುಣ. ಕೆನೆಬಣ್ಣದ ನೆಲದ ಮೇಲೆ ತಿಳಿ ನಿಂಬೆ ಹಳದಿಯಲ್ಲಿ ಆಕೃತಿ ಬರೆಯಿರಿ. ಮೇಣದಬತ್ತಿಯ ಕೆಂಬೆಳಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಹಳದಿ ಬಣ್ಣ ನೀಲಿ ಬೆಳಕನ್ನು ನುಂಗಿಕೊಳ್ಳುತ್ತದೆ. ಹಾಗಾಗಿ ಬೆಳದಿಂಗಳಿಗೆಂದು ದೀಪದ ಮುಂದೆ ಗಾಢ ನೀಲಿ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಹಾಕಿದ ಕೂಡಲೇ ಆಕೃತಿ ಕಪ್ಪಾಗಿ ಎದ್ದು ಬರುತ್ತದೆ. ಮೂಲದಲ್ಲೂ ಅವಳಿಗೆ ಅದು ಹೆಂಗಸೆಂದು ಖಚಿತವಾಗುವುದು ರಾತ್ರಿಯೇ. ಮೇಲಿನ ಚಿತ್ತಾರ ಸರಳುಗಳಾಗುವುದೂ ಆಗಲೇ. ಒಂದು ಎಚ್ಚರ: ಬರೀ ನೀಲಿ ಬೆಳಕಿನಲ್ಲಿ ಚಿತ್ರ ಕಾಳುಕಾಳಾಗುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಬೇಡಿ; ಬೆಳಕು ಹೆಚ್ಚು ಕೊಟ್ಟು ಎಡಿಟಿಂಗ್ ಮೇಜಿನಲ್ಲಿ ತಗ್ಗಿಸಿ.

ಗೋಡೆ ಜರುಗುವಂತೆ ಅನಿಸಬೇಕಾದರೆ ವಿನ್ಯಾಸವನ್ನು ಮೂರು ಅಳತೆಯಲ್ಲಿ ಅಚ್ಚು ಹಾಕಿಸಿ: ನೂರು, ನೂರನಾಲ್ಕು, ನೂರೆಂಟು ಪ್ರತಿಶತ. ಮೊದಲ ವಾರದ ದೃಶ್ಯಗಳಿಗೆ ಒಂದು, ನಡುವೆ ಇನ್ನೊಂದು, ಕೊನೆಗೆ ಮೂರನೆಯದು. ಏನು ಬದಲಾಯಿತೆಂದು ಹೇಳಲು ಯಾರಿಗೂ ಬರುವುದಿಲ್ಲ, ಕೋಣೆ ಮಾತ್ರ ಚಿಕ್ಕದಾದಂತೆ ಅನಿಸುತ್ತದೆ. ಕೊನೆಯದಾಗಿ ಎಲ್ಲವನ್ನೂ ಮೊಬೈಲ್ ಪರದೆಯಲ್ಲಿ, ಆನ್‌ಲೈನಿಗೆ ಏರಿಸಿದ ಮೇಲೆ ನೋಡಿ. ಕತ್ತಲಲ್ಲಿರುವ ಸೂಕ್ಷ್ಮ ವ್ಯತ್ಯಾಸವನ್ನು ವಿಡಿಯೊ ಕಂಪ್ರೆಷನ್ ಅಳಿಸಿಹಾಕುತ್ತದೆ. ಸ್ಟುಡಿಯೋ ಮಾನಿಟರಿನಲ್ಲಿ ಕಂಡ ಹೆಂಗಸು ಫೋನಿನಲ್ಲಿ ಕಾಣದೇ ಹೋದರೆ ಅಷ್ಟೂ ಕೆಲಸ ನೀರುಪಾಲು.

ಪ್ರಶ್ನೆ: ಅವಳ ದಿನಚರಿಯನ್ನು ಹಿನ್ನೆಲೆ ದನಿಯಾಗಿ ಇಡಬೇಕೇ? ಕನ್ನಡಕ್ಕೆ ತರುವಾಗ ಏನು ನೋಡಿಕೊಳ್ಳಬೇಕು?
(ಸಂಭಾಷಣೆ ಬರೆಯುತ್ತಿರುವ ಓದುಗರು, ಹುಬ್ಬಳ್ಳಿ)

ಉತ್ತರ: ದನಿ ಇರಲಿ, ಆದರೆ ಚಿತ್ರ ಹೇಳಿದ್ದನ್ನೇ ಅದು ಹೇಳಬಾರದು. ದನಿ "ಇಲ್ಲಿ ಗಾಳಿ ಚೆನ್ನಾಗಿದೆ" ಎನ್ನುವಾಗ ಪರದೆಯ ಮೇಲೆ ಸರಳುಗಳಿರಲಿ. ಗಂಡನ ಹೆಜ್ಜೆ ಸದ್ದು ಕೇಳಿದ ಕೂಡಲೇ ವಾಕ್ಯದ ನಡುವೆಯೇ ದನಿ ನಿಲ್ಲಲಿ. ಅವಳು ಕದ್ದು ಬರೆಯುತ್ತಿದ್ದಾಳೆ ಎನ್ನಲು ಬೇರೆ ದೃಶ್ಯ ಬೇಡ. ಕೊನೆಯ ದಿನಕ್ಕೆ ಬಂದಾಗ ಹಿನ್ನೆಲೆ ದನಿ ಪೂರ್ತಿ ಬಿಟ್ಟುಹೋಗಿ ಅವಳ ಬಾಯಿಂದಲೇ ಮಾತು ಬರಲಿ ಎಂಬುದು ನಮ್ಮ ಸಲಹೆ.

ಕನ್ನಡದಲ್ಲಿ ನಿಮಗೆ ಇಂಗ್ಲಿಷಿನವರಿಗೆ ಇಲ್ಲದ ಒಂದು ಸಾಧನ ಇದೆ. ಅಲ್ಲಿ ಗಂಡಹೆಂಡತಿ ಇಬ್ಬರಿಗೂ ಒಂದೇ ಸಂಬೋಧನೆ. ಇಲ್ಲಿ ಅವನು ಅವಳಿಗೆ "ನೀನು", "ಪುಟ್ಟಿ", "ಚಿನ್ನ". ಅವಳು ಅವನಿಗೆ "ರೀ", "ನೀವು". ಜಾನ್ ಅವಳನ್ನು ಪುಟ್ಟ ಹುಡುಗಿಯ ಹಾಗೆ ಕರೆಯುವುದು ಮೂಲದಲ್ಲೇ ಇದೆ, ಆದ್ದರಿಂದ ಇದು ಹೇರಿದ್ದಲ್ಲ. ಇಡೀ ಚಿತ್ರ "ನೀವು" ಎಂದವಳು ಕೊನೆಯ ಮಾತಿನಲ್ಲಿ ಮೊದಲ ಸಲ "ನೀನು" ಎನ್ನಲಿ: "ಕೊನೆಗೂ ಹೊರಗೆ ಬಂದೆ. ನೀನು ಬೇಡ ಅಂದ್ರೂ, ಜೇನ್ ಬೇಡ ಅಂದ್ರೂ." ಆ ಒಂದು ಅಕ್ಷರದ ಬದಲಾವಣೆಗೆ ಹಿನ್ನೆಲೆ ಸಂಗೀತ ಬೇಕಿಲ್ಲ.

ಈ ಜೇನ್ ಯಾರು? ಕಥೆಯಲ್ಲಿ ಈ ಹೆಸರು ಬೇರೆಲ್ಲೂ ಬರುವುದಿಲ್ಲ. ಅದು ಹೆಸರಿಲ್ಲದ ಕಥಾನಾಯಕಿಯದೇ ಹೆಸರು, ಅಂದರೆ ಅವಳು ತನ್ನಿಂದಲೇ ತಪ್ಪಿಸಿಕೊಂಡಿದ್ದಾಳೆ ಎಂದು ಕೆಲವರು. ಜೆನ್ನಿಯ ಹೆಸರು ಅಚ್ಚಿನಲ್ಲಿ ತಪ್ಪಾಗಿದೆ ಎಂದು ಕೆಲವರು. ಮೊದಲನೆಯದನ್ನು ನಂಬಿ ಚಿತ್ರ ಮಾಡುವುದಾದರೆ ಅಲ್ಲಿಯವರೆಗೆ ಯಾರೂ ಅವಳನ್ನು ಹೆಸರು ಹಿಡಿದು ಕರೆಯಬಾರದು, ಚಿತ್ರದ ಕೊನೆಯ ಪಾತ್ರಧಾರಿಗಳ ಪಟ್ಟಿಯಲ್ಲೂ ಹೆಸರು ಹಾಕಬಾರದು.

ಇನ್ನೊಂದು ಕಡೆ ಅನುವಾದಕರು ಜಾರಬಹುದು. ಅವಳು ಬೀಗದ ಕೈಯನ್ನು ಕಿಟಕಿಯಿಂದ ಎಸೆದು, ಅದು ಮುಂಬಾಗಿಲ ಹತ್ತಿರ 'ಪ್ಲಾಂಟೇನ್' ಎಲೆಯ ಕೆಳಗಿದೆ ಎನ್ನುತ್ತಾಳೆ. ಇದು ಬಾಳೆ ಎಲೆ ಅಲ್ಲ. ನ್ಯೂ ಇಂಗ್ಲೆಂಡಿನ ದಾರಿಬದಿಯಲ್ಲಿ ನೆಲಕ್ಕಂಟಿ ಬೆಳೆಯುವ ಅಗಲ ಎಲೆಯ ಕಳೆ. ನಮ್ಮ ಇಸಬ್ಗೋಲಿನ ದಾಯಾದಿ. ಅಮೆರಿಕದ ಅಂಗಳದಲ್ಲಿ ಬಾಳೆಗಿಡ ನೆಟ್ಟರೆ ಅಷ್ಟೂ ಹೊತ್ತಿನ ಬಿಗಿ ಒಂದೇ ಶಾಟಿನಲ್ಲಿ ಹೋಗುತ್ತದೆ.

ಪ್ರಶ್ನೆ: ಕಥೆಯನ್ನು ಮಲೆನಾಡಿನ ಬಾಣಂತಿ ಕೋಣೆಗೆ ತಂದರೆ ಹೇಗೆ? ಗೋಡೆಯ ಮೇಲೆ ಹಸೆ ಚಿತ್ತಾರ ಇಡಬೇಕೆಂದಿದ್ದೇವೆ.
(ರಂಗತಂಡ, ಸಾಗರ)

ಉತ್ತರ: ಯೋಚನೆ ಚೆನ್ನಾಗಿದೆ, ಆದರೆ ಹಾಗೇ ಎತ್ತಿ ತಂದರೆ ನಿಲ್ಲುವುದಿಲ್ಲ. ಮೂಲದ ಕೋಣೆಯ ಹಿಂದೆ ಒಂದು ನಿರ್ದಿಷ್ಟ ಚಿಕಿತ್ಸೆ ಇದೆ. ಫಿಲಡೆಲ್ಫಿಯಾದ ಡಾಕ್ಟರ್ ಸೈಲಾಸ್ ವಿಯರ್ ಮಿಚೆಲ್ ಅವರ ವಿಶ್ರಾಂತಿ ಚಿಕಿತ್ಸೆ: ವಾರಗಟ್ಟಲೆ ಹಾಸಿಗೆ, ಹಾಲು, ಹೊಟ್ಟೆ ತುಂಬ ಊಟ, ಮೈ ತಿಕ್ಕುವುದು, ಮನೆಯವರಿಂದ ದೂರ. 1885ರಲ್ಲಿ ಮಗಳನ್ನು ಹೆತ್ತ ಗಿಲ್ಮನ್ 1887ರಲ್ಲಿ ಅವರ ಬಳಿ ಹೋದರು. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಬುದ್ಧಿಯ ಕೆಲಸ ಬೇಡ, ಬದುಕಿರುವವರೆಗೂ ಪೆನ್ನು, ಕುಂಚ, ಪೆನ್ಸಿಲ್ ಮುಟ್ಟಬೇಡಿ ಎಂದು ಹೇಳಿ ಕಳಿಸಿದರೆಂದು 1913ರಲ್ಲಿ ಅವರೇ ಬರೆದರು. ಆ ಮಾತು ಪಾಲಿಸಿದ ಸುಮಾರು ಮೂರು ತಿಂಗಳಲ್ಲಿ ಬುದ್ಧಿಭ್ರಮಣೆಯ ಅಂಚಿಗೆ ಹೋದರಂತೆ.

ನಮ್ಮ ಬಾಣಂತನ ಇದಕ್ಕೆ ಹೆಚ್ಚುಕಡಿಮೆ ತಿರುಗುಮುರುಗು. ಅಲ್ಲಿ ಒಂಟಿತನ, ಇಲ್ಲಿ ಸುತ್ತ ಹೆಂಗಸರು. ಅಲ್ಲಿ ಮಗು ಬೇರೆಯವರ ಕೈಯಲ್ಲಿ, ಇಲ್ಲಿ ಮಗು ಮಗ್ಗುಲಲ್ಲೇ. ಮೊದಲ ಹೆರಿಗೆ ಸಾಮಾನ್ಯವಾಗಿ ತವರಲ್ಲಿ, ಅಂದರೆ ಗಂಡ ಎದುರಿಗೇ ಇಲ್ಲ. ಕತ್ತಲೆ ಕೋಣೆ, ಅಗ್ಗಿಷ್ಟಿಕೆ, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ಬಿಸಿ ಬಿಸಿ ನೀರು ಎರೆಯುವುದು, ಮೆಣಸಿನ ಸಾರು: ಉಸಿರು ಕಟ್ಟಿಸುವ ಸಾಮಗ್ರಿ ಬೇಕಾದಷ್ಟಿದೆ. ಆದರೆ ಇಲ್ಲಿ ಕಾವಲಿರುವುದು ಒಬ್ಬ ಡಾಕ್ಟರ್ ಗಂಡನಲ್ಲ. ಅಮ್ಮ, ಅಜ್ಜಿ, ಅತ್ತೆ, ಸೂಲಗಿತ್ತಿ. ಹೆಂಗಸರೇ ಕಾವಲಿರುವ ಕೋಣೆಯ ಕಥೆ ಬೇರೆಯದೇ ಆಗುತ್ತದೆ. ಅದನ್ನು ಬರೆಯುವ ಧೈರ್ಯವಿದ್ದರೆ ಬರೆಯಿರಿ, ಆಗ ಗಿಲ್ಮನ್ ಹೆಸರು ಬೇಕಿಲ್ಲ. ಗಿಲ್ಮನ್ ಕಥೆಯೇ ಬೇಕಾದರೆ ಡಾಕ್ಟರ್ ಗಂಡ ಹೆಂಡತಿಯನ್ನು ತವರಿಂದ ಬಿಡಿಸಿ ಚಿಕ್ಕಮಗಳೂರಿನ ಎಸ್ಟೇಟ್ ಬಂಗಲೆಗೆ ತರುವ ಹಾಗೆ ಮಾಡಿ. "ಅಜ್ಜಿ ಕಾಲದ ಪದ್ಧತಿ ಬೇಡ, ನಾನೇ ನೋಡ್ಕೋತೀನಿ" ಎಂದು ಅವನು ಹೇಳಿದ ಒಂದೇ ಮಾತಿಗೆ ಸುತ್ತಲಿನ ಹೆಂಗಸರೆಲ್ಲ ಮಾಯ.

ಹಸೆ ಚಿತ್ತಾರ ದಯವಿಟ್ಟು ಬೇಡ. ಅದು ದೀವರ ಹೆಂಗಸರು ತಮ್ಮ ಕೈಯಾರೆ, ಮಂಗಳ ಕಾರ್ಯಕ್ಕೆ, ಕೆಮ್ಮಣ್ಣಿನ ಗೋಡೆಯ ಮೇಲೆ ಬರೆಯುವ ಕಲೆ. ಕಥೆಯ ಕಾಗದ ಎಲ್ಲೋ ಯಾರೋ ಅಚ್ಚು ಹಾಕಿ ಮಾರಿದ್ದು, ಅವಳನ್ನು ಕೇಳದೆ ಅಂಟಿಸಿದ್ದು. ಹೆಂಗಸರ ಸ್ವಂತ ಚಿತ್ರವನ್ನೇ ಅವರ ಸೆರೆಮನೆ ಮಾಡಿದರೆ ಅರ್ಥ ತಲೆಕೆಳಗಾಗುತ್ತದೆ. ಮಳೆಗಾಲದ ಮಲೆನಾಡಿನ ಗೋಡೆಯೇ ಸಾಕಲ್ಲ: ಸುಣ್ಣದ ಮೇಲೆ ಹಳದಿ ಡಿಸ್ಟೆಂಪರ್, ಅದರ ಮೇಲೆ ಇನ್ನೊಂದು, ತೇವಕ್ಕೆ ಉಪ್ಪು ಏರಿ ಹಪ್ಪಳದಂತೆ ಎದ್ದ ಪದರ. ಉಗುರಿಟ್ಟರೆ ಬಿಲ್ಲೆ ಬಿಲ್ಲೆಯಾಗಿ ಬರುತ್ತದೆ, ಒಳಗಿನಿಂದ ಬೇರೆ ಬಣ್ಣ ಇಣುಕುತ್ತದೆ.

ಬಣ್ಣದ ವಿಚಾರಕ್ಕೆ ಬಂದರೆ, ಹಳದಿ ಅಲ್ಲಿ ಕೊಳಕು, ಕಾಯಿಲೆ. ನಮಗೆ ಅದು ಅರಿಶಿನ, ಮಂಗಳ, ಬಾಣಂತಿಯ ಕೆನ್ನೆ. ಗೋಡೆಗೆ ಗಂಧಕದ ಹಳದಿ, ಅವಳ ಕೆನ್ನೆಗೆ ಅರಿಶಿನದ ಹಳದಿ. ಎರಡನ್ನೂ ಒಂದೇ ಚೌಕಟ್ಟಿನಲ್ಲಿಟ್ಟು, ದಿನ ಕಳೆದಂತೆ ಒಂದಕ್ಕೊಂದು ಹತ್ತಿರವಾಗಿಸುತ್ತಾ ಹೋಗಿ. ಮಂಗಳದ ಬಣ್ಣವೇ ಮೈಮೇಲೆ ಬರುವ ಈ ಭಯ ಮೂಲದಲ್ಲಿಲ್ಲ. ಇದು ನಿಮ್ಮದೇ ಆಗುತ್ತದೆ.

ಕಥೆಯನ್ನು ಇವತ್ತಿನ ಕಾಲದಲ್ಲಿ ಇಡುವುದಾದರೆ ಕಾಯಿಲೆಯ ಲೆಕ್ಕ ಸರಿ ಇರಲಿ. ಜನ ಬಾಣಂತಿ ಸನ್ನಿ ಎನ್ನುವ ತೀವ್ರ ಸ್ಥಿತಿ ಸಾಮಾನ್ಯವಾಗಿ ಹೆರಿಗೆಯಾದ ಎರಡು ವಾರದೊಳಗೆ ಶುರುವಾಗುತ್ತದೆ. ಅದು ತುರ್ತು ಚಿಕಿತ್ಸೆ ಬೇಕಾದದ್ದು, ವಾಸಿಯಾಗುವಂಥದ್ದು. ಹೆರಿಗೆಯ ನಂತರದ ಖಿನ್ನತೆ ಬೇರೆ. ಎರಡನ್ನೂ ಕಲಸಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇಟ್ಟುಕೊಂಡು ನೋಡುವ ಘಟಕವೇ ಇದೆ. ಗಿಲ್ಮನ್ ಕಾಲದ ಚಿಕಿತ್ಸೆಗೂ ಇದಕ್ಕೂ ಇರುವ ದೂರ ಗಮನಿಸಿ. ಚಿತ್ರಕಥೆಯನ್ನು ಒಬ್ಬ ಮನೋವೈದ್ಯರಿಗೆ ಓದಿಸಿ, ಕೊನೆಯಲ್ಲಿ ಟೆಲಿ ಮಾನಸ್ ಸಹಾಯವಾಣಿ 14416 ಹಾಕಿ.

ನಮ್ಮಲ್ಲಿ ಈ ದಾರಿ ಮೊದಲೇ ತುಳಿದದ್ದು ತ್ರಿವೇಣಿ. ಅವರ 'ಶರಪಂಜರ'ವನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದಾಗ ಕಲ್ಪನಾ ಮಾಡಿದ ಕಾವೇರಿಯನ್ನು ಮುರಿದದ್ದು ಕಾಯಿಲೆಯಲ್ಲ. ವಾಸಿಯಾಗಿ ಮನೆಗೆ ಬಂದ ಮೇಲೆ ಗಂಡ, ಆಳು, ನೆರೆಯವರು ಅವಳನ್ನು ನೋಡಿದ ನೋಟ. ಅವಳ ಪ್ರತಿ ಮಾತನ್ನೂ ಹುಚ್ಚಿನ ಗುರುತೆಂದು ಓದುವ ಆ ಕಣ್ಣುಗಳನ್ನು ಮತ್ತೆ ಮತ್ತೆ ನೋಡಿ. ನಿಮ್ಮ ಜಾನ್ ಹಾಗೆ ನೋಡಬೇಕು, ಆದರೆ ನಗುನಗುತ್ತಾ.

ಪ್ರಶ್ನೆ: ಆ ಕಾಲದ ವಾಲ್‌ಪೇಪರಿನಲ್ಲಿ ಆರ್ಸೆನಿಕ್ ವಿಷ ಇರುತ್ತಿತ್ತಂತೆ. ಅದನ್ನೇ ಕೊನೆಯ ತಿರುವು ಮಾಡಬಹುದೇ?
(ಓದುಗರು, ಮಂಗಳೂರು)

ಉತ್ತರ: ಇರುತ್ತಿದ್ದದ್ದು ನಿಜ. ಹತ್ತೊಂಬತ್ತನೇ ಶತಮಾನದ ಹಸಿರು ಬಣ್ಣಗಳಲ್ಲಿ ತಾಮ್ರದ ಜೊತೆ ಆರ್ಸೆನಿಕ್ ಧಾರಾಳವಾಗಿತ್ತು. ಕಥೆಯ ವಾಸನೆ, ಬಟ್ಟೆಗೆ ಹತ್ತುವ ಕಲೆ ಓದಿದಾಗ ಈ ಗುಮಾನಿ ಬರುವುದು ಸಹಜ. ಆದರೂ ಬೇಡ. ತಪ್ಪು ಬಣ್ಣದ್ದು ಎಂದಾದರೆ ಕಾಗದ ಬದಲಿಸಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದರ್ಥ. ಅವಳು ಕಾಗದ ಬದಲಿಸಿ ಎಂದು ಕೇಳಿದ್ದಳು. ಒಂದು ಬದಲಿಸಿದರೆ ಆಮೇಲೆ ಮಂಚ, ಆಮೇಲೆ ಸರಳು, ಆಮೇಲೆ ಗೇಟು ಎಂದು ಕೇಳುತ್ತಾ ಹೋಗುತ್ತೀಯ ಎಂದು ಗಂಡ ತಳ್ಳಿಹಾಕಿದ. ನಿಮಗೆ ಬೇಕಾದ ವಿಷ ಆ ಮಾತಿನಲ್ಲಿದೆ.

ಪ್ರಶ್ನೆ: ಹಕ್ಕು ಯಾರಿಂದ ಪಡೆಯಬೇಕು?
(ನಿರ್ಮಾಪಕರು, ಬೆಂಗಳೂರು)

ಉತ್ತರ: ಗಿಲ್ಮನ್ 1935ರಲ್ಲಿ ತೀರಿಕೊಂಡರು. ಈ ಕಥೆ ಭಾರತದಲ್ಲೂ ಅಮೆರಿಕದಲ್ಲೂ ಸಾರ್ವಜನಿಕ ಸ್ವತ್ತು, ಯಾರ ಅನುಮತಿಯೂ ಬೇಡ. ಆದರೆ ಕನ್ನಡ ಅನುವಾದವೊಂದರ ವಾಕ್ಯಗಳನ್ನು ಸಂಭಾಷಣೆಗೆ ಬಳಸಿದರೆ ಆ ಅನುವಾದಕರ ಹಕ್ಕು ಬೇರೆ ಇರುತ್ತದೆ. ಲಿಖಿತ ಒಪ್ಪಿಗೆ ಪಡೆಯಿರಿ, ಇಲ್ಲವೇ ಇಂಗ್ಲಿಷಿನಿಂದ ನೀವೇ ಮಾಡಿಕೊಳ್ಳಿ. ಮೇಲೆ ಹೇಳಿದ ಜಾಕ್ಸನ್ 1965ರಲ್ಲಿ ತೀರಿಕೊಂಡವರು; ಭಾರತದ ಲೆಕ್ಕ, ಅಂದರೆ ಲೇಖಕರು ತೀರಿಕೊಂಡ ಮೇಲೆ 60 ವರ್ಷ, 2025ರ ಕೊನೆಯವರೆಗೆ. ಅಮೆರಿಕದಲ್ಲಿ ಮಾತ್ರ ಆ 1959ರ ಕಾದಂಬರಿಗೆ ಪ್ರಕಟಣೆಯಿಂದ 95 ವರ್ಷ ರಕ್ಷಣೆ ಇದೆ. ಚಿತ್ರವನ್ನು ಅಲ್ಲೂ ತೋರಿಸುವ ಓಟಿಟಿಗೆ ಮಾರುವ ಯೋಚನೆ ಇದ್ದರೆ ಹಕ್ಕಿಲ್ಲದೆ ಕೈಹಾಕಬೇಡಿ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಅಚ್ಚಾದ ಕೃತಿಗೆ ಅಲ್ಲಿಂದ ಲೆಕ್ಕ, ಆಮೇಲೆ ಮೊದಲ ಸಲ ಅಚ್ಚಾದದ್ದಕ್ಕೆ ಪ್ರಕಟಣೆಯ ವರ್ಷದಿಂದ ಲೆಕ್ಕ. ಪುಸ್ತಕದ ಮೊದಲ ಮುದ್ರಣ ನೋಡದೆ ತೀರ್ಮಾನಿಸಬೇಡಿ.

ಚಿತ್ರದ ಕೊನೆಗೆ "ಈ ಕಥೆ ಓದಿ ಡಾಕ್ಟರ್ ಮಿಚೆಲ್ ತಮ್ಮ ಚಿಕಿತ್ಸೆ ಬದಲಿಸಿದರು" ಎಂದು ಹಾಕುವ ಆಸೆ ಬರುತ್ತದೆ. ಗಿಲ್ಮನ್ ಹಾಗೆ ಬರೆದದ್ದು ತಮ್ಮ ಕಿವಿಗೆ ಬಿದ್ದ ಸುದ್ದಿ ಎಂದು. ಇತಿಹಾಸದ ಸತ್ಯವೆಂದು ಹಾಕಬೇಡಿ. ಗಿಲ್ಮನ್ ಅವರನ್ನು ದೇವತೆ ಮಾಡುವುದೂ ಬೇಡ. ಜನಾಂಗದ ಬಗ್ಗೆ ಅವರು ಬರೆದ ಕೆಲವು ಮಾತುಗಳು ಇವತ್ತು ಓದಿದರೆ ನೋವಾಗುವಂಥವು.

ಪ್ರಶ್ನೆ: ಕೊನೆಯಲ್ಲಿ ತೆವಳುವ ದೃಶ್ಯ ಅಭ್ಯಾಸ ಮಾಡುವಾಗ ನೋಡುತ್ತಿದ್ದವರು ನಕ್ಕರು. ನನ್ನ ಅಭಿನಯ ತಪ್ಪೇ?
(ನಟಿ, ಧಾರವಾಡ)

ಉತ್ತರ: ನಿಮ್ಮ ತಪ್ಪಿರಲಾರದು, ಕ್ಯಾಮೆರಾ ಎಲ್ಲಿತ್ತು ಎಂದು ಕೇಳಿಕೊಳ್ಳಿ. ನಿಂತ ಗಂಡಸಿನ ಕಣ್ಣಿನ ಎತ್ತರದಿಂದ ನೋಡಿದರೆ ತೆವಳುವ ಯಾರೂ ನಗೆಪಾಟಲೇ. ಕ್ಯಾಮೆರಾವನ್ನು ನೆಲದಿಂದ 45 ಸೆಂಟಿಮೀಟರಿಗೆ ಇಳಿಸಿ ಅಲ್ಲೇ ಬಿಡಿ. ಬಾಗಿಲು ತೆಗೆದಾಗಲೂ ಜಾನನ ಮುಖಕ್ಕೆ ಏರಬೇಡಿ. ಅವನ ಬೂಟು ಬರಲಿ, ನಿಲ್ಲಲಿ, ಮೊಣಕಾಲು ಮಡಿಯಲಿ, ಆಮೇಲೆ ಮುಖ ತಾನೇ ಚೌಕಟ್ಟಿಗೆ ಬೀಳುತ್ತದೆ.

ಗೋಡೆಯ ಬುಡದಲ್ಲಿ ಕೋಣೆಯ ಸುತ್ತ ಒಂದು ಉದ್ದ ಉಜ್ಜಿದ ಗೆರೆ ಇದೆ. ಮಂಚ ಒಂದನ್ನು ಬಿಟ್ಟು ಎಲ್ಲ ಸಾಮಾನಿನ ಹಿಂದೆಯೂ ಅದು ಹಾದುಹೋಗಿದೆ. ಯಾರು, ಯಾಕೆ ಮಾಡಿದರೋ ಎಂದು ಅವಳು ಮೊದಲು ಆಶ್ಚರ್ಯಪಡುತ್ತಾಳೆ. ಕೊನೆಗೆ ತೆವಳುವಾಗ ಅವಳ ಭುಜ ಆ ಗೆರೆಗೆ ಸರಿಯಾಗಿ ಕೂರುತ್ತದೆ. ಚಿತ್ರೀಕರಣಕ್ಕೆ ಮುಂಚೆ ನೀವು ಅಂಗೈ, ಮೊಣಕಾಲೂರಿ ನಿಂತಾಗ ಭುಜ ನೆಲದಿಂದ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ಟೇಪು ಹಿಡಿದು ಅಳೆಸಿ. ಐವತ್ತರಿಂದ ಅರವತ್ತು ಸೆಂಟಿಮೀಟರ್ ಇರಬಹುದು. ಕಲಾ ವಿಭಾಗದವರು ಗೆರೆಯನ್ನು ಅಷ್ಟಕ್ಕೇ ಎಳೆಯಲಿ, ಮತ್ತು ಅದು ಚಿತ್ರದ ಮೊದಲ ಮೂರು ನಿಮಿಷದೊಳಗೆ ಒಮ್ಮೆ ಕಾಣಲಿ. ಭುಜ ಆ ಗೆರೆಯೊಳಗೆ ಹೊಕ್ಕ ಕ್ಷಣ ಯಾರೂ ನಗುವುದಿಲ್ಲ.

ನಿಮ್ಮ ಮುಖದಲ್ಲಿ ಹುಚ್ಚು ಬೇಡ. ಕೆಲಸ ಇರಲಿ. ನೆಲ ಒರೆಸುವವರ ಮುಖದಲ್ಲಿ ಇರುವಂಥ ಗಮನ, ಆ ಮೂಲೆ ಬಿಟ್ಟುಹೋಗಬಾರದು ಎನ್ನುವ ಕಾಳಜಿ. ಬೀಗದ ಕೈ ಎಲ್ಲಿದೆ ಎಂದು ಗಂಡನಿಗೆ ಹೇಳುವ ಮಾತನ್ನು ಕಥೆಯಲ್ಲಿ ಅವಳು ಬಹಳ ಮೆಲ್ಲಗೆ, ನಿಧಾನವಾಗಿ, ಹಲವು ಸಲ ಹೇಳುತ್ತಾಳೆ. ಹಿಂದೆ ಅವನು ಅವಳಿಗೆ ಹೇಳುತ್ತಿದ್ದ ಧಾಟಿ ಅದೇ. ಅವನ ರಾಗವನ್ನೇ ಅವನಿಗೆ ಹಿಂದಿರುಗಿಸಿ.

ಮಂಚದ ಮೂಲೆ ಕಚ್ಚುವ ಶಾಟಿಗೆ ಗೋಧಿಹಿಟ್ಟನ್ನು ಗಟ್ಟಿಯಾಗಿ ಕಲಸಿ ಬೇಯಿಸಿದ ತುಂಡಿಗೆ ಕಾಫಿ ಡಿಕಾಕ್ಷನ್ ಬಳಿದು ಅಂಟಿಸಿದರೆ ಮರದ ಹಾಗೆ ಕಾಣುತ್ತದೆ, ಹಲ್ಲಿಗೂ ಪೆಟ್ಟಿಲ್ಲ. ಲಂಗದ ಒಳಗೆ ಮೊಣಕಾಲಿಗೆ ಪ್ಯಾಡ್ ಕಟ್ಟಿ, ಮೂರು ನಿಮಿಷಕ್ಕಿಂತ ಹೆಚ್ಚು ಒಂದೇ ಸಮ ತೆವಳಬೇಡಿ. ತೆವಳುವ ಸದ್ದನ್ನು ಆಮೇಲೆ ಬೇರೆ ಧ್ವನಿಮುದ್ರಿಸಿ: ಹತ್ತಿ ಲಂಗ ಹಲಗೆಯ ಮೇಲೆ ಎಳೆಯುವುದು, ಅಂಗೈ ಊರುವುದು, ಭುಜ ಗೋಡೆಗೆ ಸವರುವುದು, ಮೂರೂ ಪ್ರತ್ಯೇಕ.

ಜಾನ್ ಬೀಳುವುದು ಅವಳ ದಾರಿಗೆ ಅಡ್ಡವಾಗಿ. ಪ್ರತಿ ಸುತ್ತಿನಲ್ಲೂ ಅವನ ಮೇಲಿಂದ ಹಾಯಬೇಕಾಯಿತು ಎಂದು ಅವಳು ಹೇಳುತ್ತಾಳೆ. ಒಮ್ಮೆ ದಾಟಿಸಿ ಮುಗಿಸಿದರೆ ಸಾಲದು. ಮೊದಲ ಸುತ್ತು ಪೂರ್ತಿ ತೋರಿಸಿ. ಎರಡನೆಯದರಲ್ಲಿ ಕ್ಯಾಮೆರಾ ಜಾನನ ಮೇಲೆ ನಿಂತಿರಲಿ. ನೀವು ಹೊರಗೆ ಹೋಗಿ, ಕೋಣೆ ಸುತ್ತಿ, ಮತ್ತೆ ಬಂದು ದಾಟಿ. ಮೂರನೇ ಸುತ್ತಿಗೆ ನೀವು ಚೌಕಟ್ಟಿನಾಚೆ ಇರುವಾಗಲೇ ಪರದೆ ಕಪ್ಪಾಗಲಿ. ಭುಜ ಗೋಡೆಗೆ ಸವರುವ ಸದ್ದು ಎಡದಿಂದ ಬಲಕ್ಕೆ ಬರಲಿ, ಅವನ ಹತ್ತಿರ ಒಂದು ಚಣ ನಿಲ್ಲಲಿ, ಬಟ್ಟೆಯ ಮೇಲೆ ಬಟ್ಟೆ ಉಜ್ಜಲಿ, ಮುಂದೆ ಹೋಗಲಿ.